ಗೋಲಿನ ಹೆಚ್ಚುವರಿ ಪ್ರಭಾರ

ರಾಷ್ಟ್ರ ರಾಜಧಾನಿಯ ಆರ್.ಕೆ.ಪುರಂ ಕನ್ನಡಿಗರ ಫುಟ್‌ಬಾಲ್ ತಂಡದಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಕೇಂದ್ರ ಸರ್ಕಾರದ ನೌಕರರು. ಹೀಗಾಗಿ ತಂಡವೂ ಕಚೇರಿಯ ಪದ್ಧತಿಯಲ್ಲೇ ನಡೆಯುತ್ತಿತ್ತು. ಸೇವಾ ಹಿರಿತನ ಇದ್ದವರು ಕ್ಯಾಪ್ಟನ್. ಯಾರಾದರೂ ಬರದಿದ್ದರೆ ಅವರ ಜಾಗದ ಹೆಚ್ಚುವರಿ ಪ್ರಭಾರ ಉಳಿದವರಲ್ಲಿ ಹಿರಿಯರಿಗೆ. ಅವರಿಗೆ ಆ ಕೆಲಸ ಬರುತ್ತದೆಯೇ ಎಂದು ಕಚೇರಿಯಲ್ಲೂ ಯಾರೂ ಕೇಳುವುದಿಲ್ಲವಲ್ಲ.

ದಕ್ಷಿಣಾಮೂರ್ತಿಯವರು ನಮ್ಮ ಕಾಯಂ ಮೀಸಲು ಆಟಗಾರ. ತಂಡ ಹುಟ್ಟಿದಂದಿನಿಂದ ಪ್ರತಿ ಪಂದ್ಯಕ್ಕೂ ಜೆರ್ಸಿ ತೊಟ್ಟು, ಬೂಟಿನ ಲೇಸು ಬಿಗಿದು ಬಂದು, ಗೆರೆಯಾಚೆ ಕೂತು ನಮ್ಮ ಚೀಲ ಕಾಯುತ್ತ ಕಿತ್ತಳೆ ಸುಲಿದಿಡುತ್ತಿದ್ದರು. ಮೈದಾನಕ್ಕೆ ಇಳಿದವರೇ ಅಲ್ಲ. ಮನೆಯಲ್ಲಿ ಅವರು ಆಡಿದೆ ಎಂದು ಯಾವತ್ತೂ ಹೇಳಿರಲಿಲ್ಲ. ಆಡಲಿಲ್ಲ ಎಂದೂ ಹೇಳಿರಲಿಲ್ಲ. ಹೆಂಡತಿ ಶಾರದಾ ಮಾತ್ರ ಪ್ರತಿ ಭಾನುವಾರ ಆ ಜೆರ್ಸಿಯನ್ನು ಭಕ್ತಿಯಿಂದ ಒಗೆದು ಹಾಕುತ್ತಿದ್ದರು.

2006ರ ಚಳಿಗಾಲದ ಲೀಗಿನಲ್ಲಿ ಮಾನೇಸರ್ ಕಾರ್ಖಾನೆ ಹುಡುಗರೊಡನೆ ನಮ್ಮ ಪಂದ್ಯ. ನಮ್ಮಲ್ಲಿ ಒಬ್ಬರ ಮೊಣಕಾಲು ಊದಿತ್ತು, ಇನ್ನೊಬ್ಬರು ಸೊಂಟ ಹಿಡಿದು ಮಲಗಿದ್ದರು, ಗೋಲ್‌ಕೀಪರ್ ಕೇಶವಮೂರ್ತಿ ಹಿಂದಿನ ದಿನ ಬಸ್ಸಿನಿಂದ ಇಳಿಯುವಾಗ ಪಾದ ಉಳುಕಿಸಿಕೊಂಡಿದ್ದ. ಹಿರಿತನದ ಪ್ರಕಾರ ಗೋಲಿನ ಪ್ರಭಾರ ದಕ್ಷಿಣಾಮೂರ್ತಿಯವರಿಗೆ ಬಂತು. ಅವರು ಹೆಂಡತಿಯನ್ನೂ ಮಗಳು ಸ್ಫೂರ್ತಿಯನ್ನೂ ಕರೆತಂದು ಬಿಸಿಲಿನಲ್ಲಿ ಕೂರಿಸಿ, ನನ್ನ ಪಕ್ಕಕ್ಕೆ ಬಂದರು.

"ಸೋತರೂ ಚಿಂತೆಯಿಲ್ಲ ಕಣ್ರೀ. ನಾನು ಒಂದೇ ಒಂದು ಬಾಲ್ ಹಿಡಿದದ್ದನ್ನ ಇವರಿಬ್ಬರೂ ನೋಡಬೇಕು."

ನಾನು ಆಡುತ್ತಿದ್ದುದು ಗೋಲಿನ ಮುಂದಿನ ರಕ್ಷಣಾ ಸಾಲಿನಲ್ಲಿ, ಅಂದರೆ ಓಡಲಾರದವರನ್ನು ನಿಲ್ಲಿಸುವ ಜಾಗದಲ್ಲಿ. ಇಬ್ಬರೂ ಬೇಕಾದಷ್ಟು ನೋಡುತ್ತಾರೆ ಎಂದು ಧೈರ್ಯ ಹೇಳಿದೆ.

ಮಂಕಿ ಕ್ಯಾಪ್ ಹಾಕಿ, ಕನ್ನಡಕವನ್ನು ದಾರದಿಂದ ಕಟ್ಟಿಕೊಂಡು ನಿಂತ ಗೋಲ್‌ಕೀಪರನ್ನು ಕಂಡದ್ದೇ ಮಾನೇಸರಿನ ಹುಡುಗರಿಗೆ ಆಸೆ ಹುಟ್ಟಿತು. ಯಾರೂ ಯಾರಿಗೂ ಪಾಸ್ ಕೊಡಲಿಲ್ಲ. ಪ್ರತಿಯೊಬ್ಬನೂ ಇದ್ದಲ್ಲಿಂದಲೇ ಗೋಲಿಗೆ ಒದೆಯತೊಡಗಿದ. ಒಂದು ಚೆಂಡು ಬೇವಿನ ಮರ ಹತ್ತಿತು, ಇನ್ನೊಂದು ಗೆಣಸಿನ ಗಾಡಿಯವನನ್ನು ಗಾಡಿಯಡಿಗೆ ಕಳಿಸಿತು. ಇತ್ತ ನಾವು, ಬೆನ್ನ ಹಿಂದೆ ಯಾರಿದ್ದಾರೆಂಬ ಭಯಕ್ಕೆ, ಹುಟ್ಟಿದಂದಿನಿಂದ ಓಡದಷ್ಟು ಓಡಿದೆವು. ಕಾಲಿಗೆ ಸಿಕ್ಕಿದ್ದನ್ನು ಮುಂದಕ್ಕೆ ಒದ್ದರೆ ಅಲ್ಲಿ ನಮ್ಮ ಏಕೈಕ ತರುಣ ವರುಣ್ ಇರುತ್ತಿದ್ದ. ನಾಲ್ಕು ಗೋಲು ಹೊಡೆದ.

ಚೆಂಡು ಮಾತ್ರ ದಕ್ಷಿಣಾಮೂರ್ತಿಯವರನ್ನು ಮುಟ್ಟಲೇ ಇಲ್ಲ. ಗೆರೆಯಾಚೆಯಿಂದ ಸ್ಫೂರ್ತಿ ಕೂಗಿ ಕೇಳಿದಳು: "ಅಪ್ಪಾ, ಬಾಲ್ ನಿಮ್ಮ ಹತ್ರ ಕಬ್ ಆಯೇಗಾ? ಯಾವಾಗ ಬರತ್ತೆ?"

ಅವರ ಮುಖ ಸಣ್ಣದಾಯಿತು. "ಇಷ್ಟು ವರ್ಷ ಇಲ್ಲದ್ದು ಇವತ್ತೇ ಯಾಕ್ರೀ ಇಷ್ಟು ಚೆನ್ನಾಗಿ ಆಡ್ತಿದೀರಿ?" ಎಂದು ನನ್ನನ್ನು ಗದರಿದರು. ನನ್ನ ಆಟವನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ.

ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಕನಿಕರದಿಂದ ನಾನೇ ಚೆಂಡನ್ನು ಮೆಲ್ಲಗೆ ಅವರತ್ತ ಒದ್ದೆ. ಕಳೆದುಹೋದ ಮಗು ಸಿಕ್ಕಂತೆ ಎರಡೂ ಕೈಯಿಂದ ಎತ್ತಿಕೊಂಡರು. ರೆಫರಿ ಸೀಟಿ ಊದಿದ. ತನ್ನ ತಂಡದವನೇ ಬೇಕೆಂದು ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದಂತೆ. ಆ ನಿಯಮ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಎದುರಾಳಿಗಳಿಗೆ ಗೋಲಿನ ಬಾಯಲ್ಲೇ ಫ್ರೀ ಕಿಕ್ ಸಿಕ್ಕಿತು.

ಈ ಬಾರಿ ಗುರಿ ತಪ್ಪುವಷ್ಟು ದೂರವೇ ಇರಲಿಲ್ಲ. ಒಬ್ಬ ಚೆಂಡನ್ನು ತಟ್ಟಿದ, ಮತ್ತೊಬ್ಬ ಬೀಸಿ ಒದ್ದ. ನಾನು ಕಣ್ಣು ಮುಚ್ಚಿಕೊಂಡೆ. ದಪ್ಪೆಂದು ಸದ್ದಾಯಿತು. ಕಣ್ಣು ಬಿಟ್ಟರೆ ದಕ್ಷಿಣಾಮೂರ್ತಿಯವರು ಕುಕ್ಕರುಗಾಲಲ್ಲಿ ಕೂತಿದ್ದಾರೆ, ಹೊಟ್ಟೆಗೆ ಬಡಿದ ಚೆಂಡು ಎರಡೂ ತೋಳುಗಳ ನಡುವೆ ಭದ್ರವಾಗಿದೆ.

ಪಂದ್ಯ ಮುಗಿದ ಸೀಟಿ ಬಿತ್ತು. ನಾವು ವರುಣನನ್ನು ಎತ್ತಿ ಕುಣಿಸುತ್ತಿದ್ದರೆ, ಅವರು ಚೆಂಡನ್ನು ಅವುಚಿಕೊಂಡೇ ನೆಟ್ಟಗೆ ಹೆಂಡತಿಯ ಬಳಿಗೆ ನಡೆದರು.

"ಪೆಟ್ಟಾಯ್ತೇನ್ರೀ?" ಎಂದರು ಶಾರದಾ. "ಅದನ್ನ ಕೆಳಗಿಡಿ, ಜೆರ್ಸಿಯೆಲ್ಲ ಮಣ್ಣಾಗ್ತಿದೆ."

"ಆಗಲಿ ಬಿಡೇ," ಎಂದರು ದಕ್ಷಿಣಾಮೂರ್ತಿಯವರು.