ಬರಲಿದ್ದ ಕಾರ್ಖಾನೆಯ ಊಟದ ಮನೆ

ಮಾ ಒಕ್ಸಿಮ್ ಎಂಬ ಹೆಂಗಸು ಹ್ವಾಪೊ ಕೈಗಾರಿಕಾ ಪ್ರದೇಶದ ದೊಡ್ಡ ಗೇಟಿನ ಎದುರು ಊಟದ ಮನೆ ತೆರೆದಾಗ ಅವಳ ವಯಸ್ಸು ಅರವತ್ತರ ಹತ್ತಿರ ಬಂದಿತ್ತು. ಗೇಟು ಇತ್ತು, ಲಾರಿಗಳು ಸಾಲಾಗಿ ಓಡಾಡುವಷ್ಟು ಅಗಲದ ಡಾಂಬರು ರಸ್ತೆ ಇತ್ತು, ಬೀದಿದೀಪಗಳಿದ್ದವು. ಕಾರ್ಖಾನೆಯೊಂದು ಮಾತ್ರ ಇನ್ನೂ ಬರಬೇಕಿತ್ತು. ಒಕ್ಸಿಮ್‌ಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕಾರ್ಖಾನೆಗಿಂತ ಮೊದಲು ಅದನ್ನು ಕಟ್ಟುವವರು ಬರುತ್ತಾರೆ; ಅವರಿಗಿಂತ ಮೊದಲು ಅವರಿಗೆ ಅನ್ನ ಬೇಯಿಸುವವಳು ಬಂದಿರಬೇಕು. ಅವಳು ಇಷ್ಟು ವರ್ಷ ಬದುಕಿದ್ದೇ ಹಾಗೆ.

ಹುಡುಗಿಯಾಗಿದ್ದಾಗ ಅವಳು ಮಾಸಾನ್‌ನ ರಫ್ತು ವಲಯದಲ್ಲಿ ಜಪಾನಿನವರ ರೇಡಿಯೊ ಕಾರ್ಖಾನೆಯೊಂದರಲ್ಲಿ ತಂತಿ ಬೆಸೆಯುತ್ತಿದ್ದಳು. ಒಂದು ವರ್ಷ ಸುಗ್ಗಿಯ ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಯಜಮಾನ ಯಂತ್ರಗಳನ್ನೂ ಕಟ್ಟಿಕೊಂಡು, ಕೂಲಿ ಅಗ್ಗವಿದ್ದ ದೇಶಕ್ಕೆ ಹೋಗಿಬಿಟ್ಟಿದ್ದ. ಹುಡುಗಿಯರೆಲ್ಲ ಗೇಟಿನ ಮುಂದೆ ಕೂತು ಗೋಳಾಡುತ್ತಿದ್ದಾಗ ಅವಳ ಅವ್ವ ಬಂದು ಕೈ ಹಿಡಿದು ಎಬ್ಬಿಸಿದ್ದಳು. "ಹೊರಗಿನ ದುಡ್ಡು ಅನ್ನೋದು ಅಳಿಯ ಇದ್ದಂಗೆ ಕಣೆ. ಬಂದಾಗ ಕೋಳಿ ಕೊಯ್ಯಬೇಕು, ಹೊರಟಾಗ ಅಳಬಾರದು. ನಡಿ."

ಆಮೇಲೆ ಕಟ್ಟಡಗಳಿಗೆ ಅಟ್ಟಣಿಗೆ ಕಟ್ಟುವ ಕೆಲಸಗಾರನೊಬ್ಬನನ್ನು ಮದುವೆಯಾದಳು. ಗೂಮಿ, ಆಸಾನ್, ಪ್ಯೊಂಗ್‌ತೆಕ್ ಎಂದು ಅವನು ಹೋದಲ್ಲೆಲ್ಲ ತಗಡಿನ ಷೆಡ್ಡು ಹಾಕಿ ಕೆಲಸಗಾರರಿಗೆ ಊಟ ಹಾಕಿದಳು. ಟಿವಿ, ಫೋನು, ಕಂಪ್ಯೂಟರ್ ಚಿಪ್ ಎಂದು ಜಗತ್ತಿಗೆಲ್ಲ ಸಾಮಾನು ಕಳಿಸುವ ಆ ಬಿಳಿ ಕಟ್ಟಡಗಳು ಅವಳ ಅನ್ನ, ಸೊಪ್ಪಿನ ಸಾರು ಉಂಡವರ ಕೈಯಲ್ಲೇ ಎದ್ದವು. ಕಟ್ಟಡ ಮುಗಿದ ದಿನ ಅವಳ ಷೆಡ್ಡನ್ನೂ ಕೀಳುತ್ತಿದ್ದರು. ಒಳಗೆ ಕೆಲಸಕ್ಕೆ ಬರುವವರಿಗೆ ಒಳಗೇ ಊಟ. ಗಂಡ ಶ್ವಾಸಕೋಶ ಕೆಟ್ಟು ತೀರಿಕೊಂಡ ಮೇಲೆ ಅವಳಿಗೆ ಅಲೆದು ಸಾಕಾಗಿತ್ತು. ಹ್ವಾಪೊದಲ್ಲಿ ಹೊರದೇಶದ ಕಂಪನಿಯೊಂದು ಕಾರಿನ ಬ್ಯಾಟರಿಯೊಳಗೆ ಹಾಕುವ ತೆಳು ಹಾಳೆಯ ಕಾರ್ಖಾನೆ ಹಾಕುತ್ತದೆ ಎಂಬ ಸುದ್ದಿ ಬಂದಾಗ, ಈ ಸಲ ತಗಡು ಬೇಡ, ಗಾರೆಯ ಕಟ್ಟಡವೇ ಇರಲಿ ಎಂದುಕೊಂಡಳು. ಕೈಯಲ್ಲಿದ್ದುದನ್ನೆಲ್ಲ, ಬಿಡುವಾಗ ವಾಪಸು ಬರುವ ಬಾಡಿಗೆಯ ಮುಂಗಡವಾಗಿ ಕಟ್ಟಡದ ಮಾಲೀಕನಿಗೆ ಕೊಟ್ಟು, ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಸಿದಳು.

ಆ ನೆಲ ಮೊದಲು ಸಮುದ್ರವಾಗಿತ್ತು. ಒಡ್ಡು ಕಟ್ಟಿ ನೀರನ್ನು ಆಚೆ ತಳ್ಳಿ ಮಾಡಿದ ಬಯಲು. ಊರಿನವರು ತಲೆತಲಾಂತರದಿಂದ ಅಲ್ಲಿನ ಕೆಸರಿನಲ್ಲಿ ಕಪ್ಪೆಚಿಪ್ಪು ಬಗೆದು ಬದುಕಿದವರು. ಈಗ ಪರಿಹಾರದ ದುಡ್ಡು ಇಟ್ಟುಕೊಂಡು ಕಾರ್ಖಾನೆಯ ದಾರಿ ನೋಡುತ್ತಿದ್ದರು. ಅವರಲ್ಲಿ ತಾಕ್ ಎಂಬವನೂ ಅವನ ಹೆಂಡತಿಯೂ ಒಕ್ಸಿಮ್‌ಗೆ ಹತ್ತಿರವಾದರು. ಹೆಂಡತಿಯನ್ನು ಎಲ್ಲರೂ ಮಗಳ ಹೆಸರು ಹಿಡಿದು ಹೇರಾನ್‌ಳ ಅಮ್ಮ ಎನ್ನುತ್ತಿದ್ದರು. ಅವಳು ದಿನಾ ಬಂದು ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದಳು, ಬಾಯಿಗೆ ಬಿಡುವು ಕೊಡದೆ.

ಭೂಮಿಪೂಜೆಯ ದಿನ ಡೋಲಿನವರು ಬಂದರು. ಜಿಲ್ಲಾಧ್ಯಕ್ಷರು, ಹೊರದೇಶದವರು ಬಿಳಿ ಕೈಗವಸು ತೊಟ್ಟು ಸಾಲಾಗಿ ನಿಂತು ಗುದ್ದಲಿ ಹಾಕಿದರು. ಅಲ್ಲಿನ ಮಣ್ಣು ಕೆಸರಾದ್ದರಿಂದ ಗುದ್ದಲಿ ಹಾಕಲೆಂದೇ ಬೇರೆ ಕಡೆಯಿಂದ ಒಣ ಮರಳು ತರಿಸಿ ಗುಡ್ಡೆ ಹಾಕಿದ್ದರು.

"ನೋಡಕ್ಕಾ, ಮಗು ಮರಳಾಟ ಆಡಿದಂಗೆ," ಎಂದು ನಕ್ಕಳು ಹೇರಾನ್‌ಳ ಅಮ್ಮ.

"ನಗಬೇಡ. ನಿನ್ನ ಮಗಳಿಗೆ ಇಲ್ಲೇ ಕೆಲಸ ಸಿಕ್ಕೀತು."

"ಸಿಗಲಿ. ನಾನೂ ಬಣ್ಣ ಹಚ್ಚಿಕೊಂಡು ಅವಳ ಅಕ್ಕ ಅಂತ ಸೇರ್ಕೋತೀನಿ."

ಆಮೇಲೆ ಸುತ್ತಲೂ ಬೇಲಿ ಬಿತ್ತು. ಅಳೆಯುವವರು ಬಂದರು, ಮಣ್ಣು ಪರೀಕ್ಷೆಯವರು ಬಂದರು. ಒಕ್ಸಿಮ್‌ಳ ಮೇಜುಗಳು ಅರ್ಧ ತುಂಬಿದವು. ಇನ್ನರ್ಧ ತುಂಬುವ ದಿನಕ್ಕೆಂದು ಅವಳು ದೊಡ್ಡದೊಂದು ಅನ್ನದ ಸ್ಟೀಮರು ತರಿಸಿ, ಪ್ಲಾಸ್ಟಿಕ್ಕು ಬಿಚ್ಚದೆ ಮೂಲೆಯಲ್ಲಿ ನಿಲ್ಲಿಸಿದಳು. ಚಳಿ ಬಂತು, ಹೋಯಿತು. ಅಳೆಯುವವರು ಮತ್ತೆ ಬರಲಿಲ್ಲ.

ಮರುವರ್ಷ ಎಲೆ ಕೆಂಪಾಗುವ ಕಾಲಕ್ಕೆ ಹೊರದೇಶದವರು ಮತ್ತೊಮ್ಮೆ ಜಾಗ ನೋಡಲು ಬಂದರು. ಊಟ ಒಕ್ಸಿಮ್‌ಳ ಮನೆಯಲ್ಲೇ ಎಂದು ಜಿಲ್ಲಾ ಕಚೇರಿಯಿಂದ ಹೇಳಿಕಳಿಸಿದರು. ಅವಳು ಸೋಯಾ ರಸದಲ್ಲಿ ನೆನೆಸಿದ ಏಡಿ, ಕಪ್ಪೆಚಿಪ್ಪಿನ ಗಂಜಿ, ಬಗೆಬಗೆಯ ಸೊಪ್ಪಿನ ಪಲ್ಯ ಎಲ್ಲ ಮಾಡಿದಳು. ಊರಿನಲ್ಲಿ ಚಿಪ್ಪು ಸಿಗದೆ ಬೇರೆ ಬಂದರಿನಿಂದ ತರಿಸಬೇಕಾಯಿತು. ಬೆಳ್ಳಗಿನ ಎತ್ತರದ ಯಜಮಾನ ಎಲ್ಲದರಲ್ಲೂ ಒಂದೊಂದು ಚೂರು ಬಾಯಿಗಿಟ್ಟು, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದ. ಜಿಲ್ಲಾಧ್ಯಕ್ಷರು ಅವನ ಬಟ್ಟಲಿಗೆ ಮೇಲಿಂದ ಮೇಲೆ ಮದ್ಯ ಸುರಿದರು.

ದುಭಾಷಿ ಹುಡುಗಿ ಸೊಯೋನ್ ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಬಂದಳು. ಬೆಳಗಿನಿಂದ ಮಾತಾಡಿ ಗಂಟಲು ಒಣಗಿತ್ತು. ಒಕ್ಸಿಮ್ ಪಾತ್ರೆಯ ತಳಕ್ಕೆ ಹತ್ತಿದ ಅನ್ನ ಕುದಿಸಿದ ಬಿಸಿನೀರು ಕೊಟ್ಟಳು. ಹುಡುಗಿ ಕುಡಿಯುತ್ತ ಮೂಲೆಯ ಸ್ಟೀಮರಿನ ಕಡೆ ನೋಡಿದಳು.

"ಚಿಕ್ಕಮ್ಮಾ, ಅದು ಹೊಸದಾ?"

"ಹ್ಞೂ. ಕಟ್ಟಡದ ಕೆಲಸ ಶುರುವಾದ್ರೆ ಬೇಕಲ್ಲ."

ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅದನ್ನ ಬಿಚ್ಚಬೇಡಿ. ಅಂಗಡಿಯವರು ವಾಪಸ್ ತಗೋತಾರಾ ಕೇಳಿ."

ಒಕ್ಸಿಮ್‌ಳ ಕೈಯಲ್ಲಿದ್ದ ಸೌಟು ನಿಂತಿತು. "ಯಾಕಮ್ಮ?"

"ಕಾರಲ್ಲಿ ಅವರವರೇ ಮಾತಾಡ್ಕೋತಾರೆ. ನಾನೊಬ್ಬಳು ಪಕ್ಕದಲ್ಲಿದೀನಿ ಅನ್ನೋದೇ ಮರೆತುಬಿಡ್ತಾರೆ. ಕಾರ್ಖಾನೆ ಹಂಗೇರಿಗೆ ಹೋಗುತ್ತೆ. ಜಾಗ ಕೂಡ ನೋಡಿ ಆಗಿದೆ. ಇಲ್ಲಿ ಬರೋದಿಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಅವರಿಗೆ ಇನ್ನೂ ಮನಸ್ಸಿಲ್ಲ, ಅಷ್ಟೆ." ಅವಳು ಲೋಟ ಕೆಳಗಿಟ್ಟಳು. "ನನ್ನ ಹೆಸರು ಎತ್ತಬೇಡಿ ಚಿಕ್ಕಮ್ಮಾ. ನನಗೆ ಈ ಕೆಲಸ ಬಿಟ್ಟರೆ ಬೇರೆ ಇಲ್ಲ."

"ಎತ್ತಲ್ಲ," ಎಂದಳು ಒಕ್ಸಿಮ್.

ಅದಾದ ಮುಂದಿನ ವಾರವೇ ತಾಕ್ ಹೆಂಡತಿಯೊಂದಿಗೆ ಬಂದ. ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು. ಕೈಯಲ್ಲಿ ಪೇರುಹಣ್ಣಿನ ಡಬ್ಬಿ.

"ಅಕ್ಕಾ, ನಿಮಗೂ ವಯಸ್ಸಾಯ್ತು," ಎಂದು ಶುರುಮಾಡಿದ ಅವನು, ಮೊಣಕಾಲೂರಿ ಕೂತು. "ನೂರಾರು ಜನಕ್ಕೆ ಅಡುಗೆ ಅಂದ್ರೆ ಹುಡುಗಾಟವಲ್ಲ. ಈ ಜಾಗ ನಮಗೆ ಬಿಟ್ಟುಕೊಡಿ. ನೀವು ಹಾಕಿದ್ದಷ್ಟನ್ನೂ ಕೊಡ್ತೀವಿ, ಮೇಲೆ ಸ್ವಲ್ಪ ಸೇರಿಸಿಯೇ ಕೊಡ್ತೀವಿ. ಸಮುದ್ರ ಹೋದದ್ದಕ್ಕೆ ಕೊಟ್ಟ ದುಡ್ಡು ಹಾಗೇ ಇದೆ."

ಒಕ್ಸಿಮ್ ಚಳಿಗಾಲದ ಉಪ್ಪಿನಕಾಯಿಗೆಂದು ಎಲೆಕೋಸಿಗೆ ಉಪ್ಪು ಹಚ್ಚುತ್ತಿದ್ದಳು. ಹೂಂ ಎಂದರೆ ಸಾಕಿತ್ತು. ದುಡ್ಡು ತೆಗೆದುಕೊಂಡು ಮಾಸಾನ್ ಕಡೆಗೋ ಎಲ್ಲಿಗೋ ಹೋಗಿ, ಸಣ್ಣದೊಂದು ಕೋಣೆ ಹಿಡಿದು, ಇದ್ದಷ್ಟು ದಿನ ತನ್ನೊಬ್ಬಳ ಗಂಜಿ ಕಾಯಿಸಿಕೊಂಡು ಇರಬಹುದಿತ್ತು. ಉಪ್ಪು ಹಚ್ಚುತ್ತಲೇ ಅವಳು ಅದನ್ನೆಲ್ಲ ಯೋಚಿಸಿದಳು. ಎಲೆಕೋಸಿನ ಎಲೆ ಎಲೆಯನ್ನೂ ಬಿಡಿಸಿ ಮುಗಿಸಿದ ಮೇಲೆ ತಲೆಯೆತ್ತಿದಳು.

"ಬೇಡಿ. ಆ ದುಡ್ಡು ಮುಟ್ಟಬೇಡಿ. ಕಾರ್ಖಾನೆ ಬರಲ್ಲ."

"ಯಾರು ಹೇಳಿದ್ರು?"

"ಅದು ಕೇಳಬೇಡಿ. ಬರಲ್ಲ ಅಂದ್ರೆ ಬರಲ್ಲ."

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇರಾನ್‌ಳ ಅಮ್ಮ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಹೋದ ವಾರ ಅವರಿಗೆ ಏಡಿ ಮಾಡಿ ಹಾಕಿದೆಯಲ್ಲಕ್ಕಾ. ಜಿಲ್ಲಾಧ್ಯಕ್ಷರ ಹತ್ತಿರ ಏನೋ ಮಾತಾಯ್ತು ಅಂತ ಕಾಣುತ್ತೆ."

"ಏನು ಮಾತು?"

"ಗೇಟಿನ ಮುಂದೆ ಇನ್ನೊಂದು ಊಟದ ಮನೆ ಬರಬಾರದು ಅಂತ. ಕಾರ್ಖಾನೆ ಬರಲ್ಲ ಅಂದ್ರೆ ನೀನ್ಯಾಕೆ ಇನ್ನೂ ಇಲ್ಲಿದೀಯ? ಇಷ್ಟೊಂದು ಎಲೆಕೋಸು ಯಾರಿಗೆ?"

ಒಕ್ಸಿಮ್ ಮುಂದಿನ ಎಲೆಕೋಸು ಎತ್ತಿಕೊಂಡಳು. ಮುಂಗಡ ಮಾಲೀಕನ ಹತ್ತಿರ ಸಿಕ್ಕಿಕೊಂಡಿತ್ತು. ಇನ್ನೊಬ್ಬ ಬಾಡಿಗೆದಾರ ಬಂದರೆ ಕೊಡುತ್ತೇನೆ ಎಂದು ಅವನು ಹೇಳಿದ್ದ. ಬರುವ ಬಾಡಿಗೆದಾರರು ಎದುರಿಗೇ ಕೂತಿದ್ದರು. ಅದನ್ನು ಹೇಳಿದರೂ ಅವರು ನಂಬುತ್ತಿರಲಿಲ್ಲ. ಪೇರುಹಣ್ಣಿನ ಡಬ್ಬಿಯನ್ನು ತಾಕ್ ವಾಪಸು ಎತ್ತಿಕೊಂಡು ಹೋದ.

ಹೂ ಬಿಡುವ ಕಾಲಕ್ಕೆ ಪಕ್ಕದಲ್ಲೇ ಅವರ ಊಟದ ಮನೆ ಎದ್ದಿತು, ಒಕ್ಸಿಮ್‌ಳದರ ಎರಡರಷ್ಟು ದೊಡ್ಡದು. ದೂರದ ಹೆದ್ದಾರಿಗೂ ಕಾಣುವ ಕೆಂಪು ಬೋರ್ಡು. ತೆರೆದ ದಿನ ಊರಿಗೆಲ್ಲ ಅಕ್ಕಿ ಕಡುಬು ಹಂಚಿದರು, ಒಕ್ಸಿಮ್‌ಳ ಬಾಗಿಲೊಂದನ್ನು ಬಿಟ್ಟು. ಬೇಲಿ ಕಾಯುವ ಕಾವಲುಗಾರರು ಮೂವರಿದ್ದರು. ಎರಡು ಊಟದ ಮನೆಗಳು ಅವರಿಗಾಗಿ ಜಗಳಕ್ಕೆ ಬಿದ್ದವು. ಒಕ್ಸಿಮ್ ಬೆಳಿಗ್ಗೆ ಅಂಗಳ ಗುಡಿಸುವಾಗ ಹೇರಾನ್‌ಳ ಅಮ್ಮನೂ ಗುಡಿಸುತ್ತಿದ್ದಳು. ಇಬ್ಬರೂ ಬೆನ್ನು ತಿರುಗಿಸಿಕೊಂಡೇ ಗುಡಿಸುತ್ತಿದ್ದರು.

ಕೊನೆಗೆ ಟಿವಿಯಲ್ಲಿ ಸುದ್ದಿ ಬಂತು. ರದ್ದು ಎಂಬ ಮಾತು ಎಲ್ಲೂ ಇರಲಿಲ್ಲ. ಜಾಗತಿಕ ಮಾರುಕಟ್ಟೆಯ ಸ್ಥಿತಿ ನೋಡಿಕೊಂಡು ಹೂಡಿಕೆಯ ಸಮಯವನ್ನು ಮರುಪರಿಶೀಲಿಸುತ್ತಾರಂತೆ. ಮಧ್ಯಾಹ್ನ ತಾಕ್ ಕುಡಿದು ಬಂದು ಅವಳ ಬಾಗಿಲಲ್ಲಿ ನಿಂತ. ಅಲ್ಲಿಯವರೆಗೆ ಅವಳನ್ನು ಎಂದೂ ಏಕವಚನದಲ್ಲಿ ಕರೆದವನಲ್ಲ.

"ನಿನಗೆ ಗೊತ್ತಿತ್ತು!"

"ಹೇಳಿದ್ನಲ್ಲಪ್ಪ."

"ಹೇಳಿದ್ಯಂತೆ! ಹಂಗಾ ಹೇಳೋದು? ಎಲೆಕೋಸಿಗೆ ಉಪ್ಪು ಹಚ್ಕೊಂಡು? ನಂಬೋ ಹಾಗೆ ಹೇಳಬೇಕಿತ್ತು. ಕೂದಲು ಹಿಡಿದು ಎಳೆದು ಹೇಳಬೇಕಿತ್ತು! ಸಮುದ್ರ ಹೋದ ಮೇಲೆ ನನಗೆ ಉಳಿದಿದ್ದೇ ಅದೊಂದು..." ಅವನು ಹೊಸಲಿನ ಮೇಲೇ ಕುಸಿದ. ಹೆಂಡತಿ ಬಂದು ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದಳು. ಒಕ್ಸಿಮ್‌ಳ ಕಡೆ ನೋಡಲೂ ಇಲ್ಲ.

ಊಟದ ಮನೆ ಮುಚ್ಚಿ, ಕೂಲಿ ಹುಡುಕಿಕೊಂಡು ಅವರು ಆನ್ಸಾನ್ ಪಟ್ಟಣಕ್ಕೆ ಹೊರಟ ದಿನ ಮೋಡ ಕವಿದಿತ್ತು. ಸಾಮಾನಿನ ಲಾರಿ ನಿಲ್ಲಿಸಿ, ಹೇರಾನ್‌ಳ ಅಮ್ಮ ಒಬ್ಬಳೇ ಒಳಗೆ ಬಂದು ಮೇಜಿಗೆ ಕೂತಳು. ಒಕ್ಸಿಮ್ ಕೇಳದೆಯೇ ಬಿಸಿ ಸಾರು, ಅನ್ನ ಇಟ್ಟಳು. ಅವಳು ಅನ್ನವನ್ನು ಸಾರಿಗೆ ಸುರಿದು, ತಲೆಯೆತ್ತದೆ ಪೂರ್ತಿ ಉಂಡಳು. ಕಣ್ಣೀರು, ಸಿಂಬಳ ಎರಡೂ ಇಳಿಯುತ್ತಿದ್ದವು, ಒರೆಸಿಕೊಳ್ಳಲಿಲ್ಲ. ಎದ್ದು, ಬಟ್ಟಲು ತಾನೇ ತೊಳೆದಿಟ್ಟು, ಹೊರಟುಹೋದಳು.

ಬೇಲಿಯೊಳಗೆ ಕೊನೆಗೂ ಹೂಡಿಕೆ ಬಂತು. ಯಾವುದೋ ಹಣಕಾಸು ಕಂಪನಿ ಬಯಲು ತುಂಬ ಬಿಸಿಲಿನಿಂದ ಕರೆಂಟು ಮಾಡುವ ಫಲಕಗಳನ್ನು ನಿಲ್ಲಿಸಿತು. ನಿಲ್ಲಿಸುವವರು ತಮ್ಮ ಬುತ್ತಿ ತಾವೇ ತಂದಿದ್ದರು. ಅವರು ಹೋದ ಮೇಲೆ ಅಲ್ಲಿ ಮನುಷ್ಯರು ಬೇಕಾಗಲಿಲ್ಲ. ಕ್ಯಾಮೆರಾ ಬಂದ ಮೇಲೆ ಕಾವಲುಗಾರರನ್ನೂ ತೆಗೆದರು. ಜಿಲ್ಲಾ ಕಚೇರಿಯವರು ಮಾತ್ರ ಗೇಟಿಗೆ ಹೂಡಿಕೆಯ ಯಶಸ್ಸು ಎಂದು ಬಟ್ಟೆಯ ಬೋರ್ಡು ಕಟ್ಟಿದರು.

ಒಕ್ಸಿಮ್ ಒಮ್ಮೆ ಪ್ಯೊಂಗ್‌ತೆಕ್‌ಗೆ ಹೋಗಿ ನೋಡಿದಳು. ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಮತ್ತೊಂದು ಕಟ್ಟಡ ಏಳುತ್ತಿತ್ತು, ಗುತ್ತಿಗೆದಾರನೊಬ್ಬನ ಊಟದ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಅಲ್ಲಿ ಉಣ್ಣುವವರ ಸಾಲು ರಸ್ತೆಯವರೆಗೂ ನಿಂತಿರುತ್ತಿತ್ತು. ಅವಳ ಕೈಗಳೇ ಈಗ ಕೇಳುತ್ತಿರಲಿಲ್ಲ. ಮಣಿಕಟ್ಟು ಊದಿಕೊಂಡು ತಟ್ಟೆಗಳು ಜಾರಿಬಿದ್ದವು. ಮೇಸ್ತ್ರಿ ಒಳ್ಳೆಯವನು, ಬೈಯಲಿಲ್ಲ. "ಅಮ್ಮಾ, ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ," ಎಂದ. ಮನೆ ಎಂದರೆ ಗೇಟಿನ ಎದುರಿನ ಹಿಂದಿನ ಕೋಣೆ. ಮುಂಗಡ ಇನ್ನೂ ಅಲ್ಲೇ ಸಿಕ್ಕಿಕೊಂಡಿದ್ದರಿಂದ ಅಲ್ಲಿಗೇ ವಾಪಸು ಬಂದಳು.

ಸುಗ್ಗಿಯ ಹಬ್ಬದ ದಿನ ಫೋನು ಬಂತು. ಹೇರಾನ್‌ಳ ಅಮ್ಮ.

"ಅಕ್ಕಾ, ಊಟ ಮಾಡಿದ್ಯಾ?"

"ಮಾಡಿದೆ. ನೀನು?"

"ನಿಂತ್ಕೊಂಡೇ ಎರಡು ತುತ್ತು ತಿಂದೆ. ಹಬ್ಬದ ದಿನಾನೂ ಸಾಮಾನು ಕಟ್ಟೋ ಕೆಲಸ. ಇವರಿಗೆ ಲಕ್ವ ಹೊಡೆದು ಒಂದು ಕಡೆ ಕೈ ಎತ್ತೋಕೆ ಆಗ್ತಾ ಇಲ್ಲ. ಮಾತೂ ಸರಿಯಾಗಿಲ್ಲ. ಅಕ್ಕಾ, ಆವತ್ತು ನಾನು ಏನೇನೋ ಅಂದೆ."

"ಬಿಡು."

"ಅಕ್ಕಾ, ಟಿವೀಲಿ ನೋಡಿದೆ. ಹೊಸ ಜಿಲ್ಲಾಧ್ಯಕ್ಷರು ಬಂದಿದಾರಂತೆ. ಯಾವುದೋ ದೊಡ್ಡ ಕಂಪನಿ ಮತ್ತೆ ಬರುತ್ತೆ ಅಂತಿದ್ರು. ಹೌದಾ?"

ಒಕ್ಸಿಮ್ ಕಿಟಕಿಯಿಂದ ಹೊರಗೆ ನೋಡಿದಳು. ರಸ್ತೆ ಖಾಲಿ ಇತ್ತು.

"ಹೌದಂತೆ," ಎಂದಳು. "ಎಲ್ಲರೂ ಅದೇ ಮಾತಾಡ್ತಿದಾರೆ."

"ನಿಜವಾಗಲೂ ಬಂದ್ರೆ ನನಗೊಂದು ಮಾತು ಹೇಳ್ತೀಯಾ ಅಕ್ಕಾ? ಇವರನ್ನ ಎತ್ತಿಕೊಂಡಾದ್ರೂ ಬಂದುಬಿಡ್ತೀನಿ."

"ಹೇಳ್ತೀನಿ," ಎಂದಳು ಒಕ್ಸಿಮ್. "ಎಲ್ಲರಿಗಿಂತ ಮೊದಲು ನಿನಗೇ ಹೇಳ್ತೀನಿ."