ಮೊದಲ ಗೋಲು ದೈವಕ್ಕೆ

ನನ್ನ ತಮ್ಮ ಡೊಂಬಯ್ಯನ ಬಲಗಾಲಿನ ಬಗ್ಗೆ ಸುಳ್ಯ ಪೇಟೆಯಲ್ಲಿ ಆ ಕಾಲಕ್ಕೆ ಆದಷ್ಟು ಮಾತು ಓಟಿಗೆ ನಿಂತವರ ಬಗ್ಗೆಯೂ ಆಗಿರಲಿಕ್ಕಿಲ್ಲ. ಹೊಗಳುವುದಕ್ಕೂ ಅದೇ ಕಾಲು, ಅಯ್ಯೋ ಪಾಪ ಎನ್ನುವುದಕ್ಕೂ ಅದೇ ಕಾಲು. ಆ ಕಾಲಿಗೆ ಎಣ್ಣೆ ಹಚ್ಚಿ ಉಜ್ಜಿದವಳು ನಾನು. ಹಾಗಾಗಿ ಈ ಕಥೆ ಹೇಳುವ ಹಕ್ಕು ಇರುವುದು ನನಗೆ. ಹೈದರ್‌ನ ಚಾದಂಗಡಿಯಲ್ಲಿ ಕೂತು ಹೇಳುವವರೆಲ್ಲ ಅರ್ಧಕ್ಕರ್ಧ ಸುಳ್ಳು ಸೇರಿಸುತ್ತಾರೆ.

ನಮ್ಮದು ಅಜ್ಜಾವರದ ಬೇಸಾಯದ ಮನೆ. ಮನೆಮಾತು ಅರೆಭಾಷೆ; ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಸ್ವಲ್ಪ ತಿದ್ದಿ ಬರೆದಿದ್ದೇನೆ. ಅಪ್ಪ ಬೇಗ ಹೋದರು. ಅವ್ವ ದುಗ್ಗಮ್ಮ, ಅಪ್ಪನ ಅಣ್ಣ ಮೇದಪ್ಪ ದೊಡ್ಡಪ್ಪ, ನಾನು ಲೋಲಾಕ್ಷಿ, ನನ್ನ ಹಿಂದೆ ಹುಟ್ಟಿದ ಡೊಂಬಯ್ಯ, ಇಷ್ಟೇ ನಾವು. ಡೊಂಬಯ್ಯನಿಗೆ ಶಾಲೆಯಲ್ಲಿ ಬೇರೆ ಯಾವ ವಿದ್ಯೆಯೂ ಹತ್ತಲಿಲ್ಲ. ಉದುರಿದ ಚಕ್ಕೋತ ಕಾಯಿ ಒದೆಯುತ್ತಾ ಹೋಗಿ, ಒದೆಯುತ್ತಾ ಬಂದ. ಇಪ್ಪತ್ತು ತುಂಬುವಾಗ ಸುಳ್ಯದ ಫುಟ್ಬಾಲ್ ತಂಡದ ಸೆಂಟರ್ ಫಾರ್ವರ್ಡ್ ಆಗಿದ್ದ. ಬೂಟು ಗೀಟು ಎಂತದ್ದೂ ಇಲ್ಲ, ಬರಿಗಾಲು. ಅವನು ಬಲಗಾಲಿನಲ್ಲಿ ಹೊಡೆದ ಚೆಂಡಿಗೆ ಅಡ್ಡ ನಿಂತವರು ಆಮೇಲೆ ಕೈ ಕೊಡವಿಕೊಳ್ಳುತ್ತಿದ್ದರು. ಹೊಲದ ಕೆಲಸಕ್ಕೆ ಕರೆದರೆ ಸೊಂಟ ನೋವು ಎನ್ನುತ್ತಿದ್ದವ ಚೆಂಡು ಕಂಡರೆ ಜಿಗಿದು ಓಡುತ್ತಿದ್ದ.

ಐವತ್ತೆಂಟನೇ ಇಸವಿಯಲ್ಲಿ ಪುತ್ತೂರಿನಲ್ಲಿ ಪಂದ್ಯ. ಎದುರು ರಾಮಕುಂಜದ ತಂಡ. ಅವರ ಗೋಲಿನ ಮುಂದೆ ಅಡ್ಡ ನಿಲ್ಲುವ ಬ್ಯಾಕ್ ಮಹಾಲಿಂಗ, ತೋಟದ ಭಟ್ಟರ ಮಗ, ಎತ್ತರದ ಆಳು. ಇಬ್ಬರೂ ಒಂದೇ ಚೆಂಡಿಗೆ ಓಡಿ ಬಂದದ್ದು, ಕಾಲಿಗೆ ಕಾಲು ಬಡಿದದ್ದು, ನನ್ನ ತಮ್ಮನ ಮೊಣಕಾಲಿನ ಕೆಳಗೆ ಎಲುಬು ಮುರಿದದ್ದು. ಮೋಸದ ಆಟ ಅಲ್ಲ ಎಂದು ಡೊಂಬಯ್ಯನೇ ಹೇಳಿದ್ದಾನೆ. ಮಂಗಳೂರಿನಲ್ಲಿ ಪ್ಲಾಸ್ಟರ್ ಹಾಕಿಸಿ ಲಾರಿಯಲ್ಲಿ ಮಲಗಿಸಿ ಮನೆಗೆ ತಂದಾಗ ಅವನ ತಲೆಯ ಹತ್ತಿರ ಕೂತು ಬಂದವನು ಅದೇ ಮಹಾಲಿಂಗ. ಇಳಿದು ಅಂಗಳದಲ್ಲಿ ನಿಂತ. ಒಳಗೆ ಬನ್ನಿ ಎಂದರೂ ಬರಲಿಲ್ಲ, ಕೊಟ್ಟ ಬೆಲ್ಲ ನೀರು ಮುಟ್ಟಲಿಲ್ಲ. ನನಗೆ ಬೈಯಬೇಕೆಂದು ಇತ್ತು. ಆ ಮುಖ ನೋಡಿ ಬಾಯಿ ಬರಲಿಲ್ಲ.

ನನ್ನನ್ನು ಕಲ್ಲುಗುಂಡಿಗೆ ಮದುವೆ ಮಾಡಿ ಕೊಟ್ಟಿದ್ದರು. ತಮ್ಮನನ್ನು ನೋಡಿ ಬರುತ್ತೇನೆಂದು ಬಂದವಳು ಅಲ್ಲಿಯೇ ಕೂತೆ. ಕೊನೆಗೆ ಗಂಡನೇ ಬಂದು, "ನಮ್ಮ ಮನೆಯ ದಾರಿ ನೆನಪುಂಟಾ?" ಎಂದು ಕೇಳಬೇಕಾಯಿತು. ಆಮೇಲೆ ಅಲ್ಲಿಗೂ ಇಲ್ಲಿಗೂ ಓಡಾಡಿಕೊಂಡೇ ಇದ್ದೆ.

ಆ ದಿನಗಳಲ್ಲೇ ಒಂದು ಸಂಜೆ ಅವ್ವ ನಮ್ಮ ಮನೆ ಕಾಯುವ ದೈವದ ಗುಡಿಗೆ ದೀಪ ಇಡಲು ಹೊರಟಿದ್ದಳು. ಜಗಲಿಯಲ್ಲಿ ಮಲಗಿದ್ದ ಡೊಂಬಯ್ಯ ಮೆಲ್ಲನೆ ಕೇಳಿದ, "ಅವ್ವ, ನಾನಿನ್ನು ಆಡುದುಂಟಾ?" ಅವ್ವ ದೀಪ ಹಿಡಿದು ಅಂಗಳ ದಾಟಿದಳು. ಗುಡಿಯ ಮುಂದೆ ನಿಂತು, ನಮಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟಳು:

"ಇವ ಎದ್ದು ಆಡ್ಲಿ. ಮೊದಲ ಗೋಲು ನಿನಗೆ."

ನಮ್ಮ ಮನೆಯಲ್ಲಿ ಎಲ್ಲದರ ಮೊದಲನೆಯದು ದೈವದ್ದು. ಬಳ್ಳಿಯ ಮೊದಲ ಸೌತೆಕಾಯಿ, ಹೊಸ ಮರದ ಮೊದಲ ಹಲಸು, ಎಲ್ಲ ಗುಡಿಗೆ ಹೋಗುತ್ತದೆ, ಆಮೇಲೆ ನಮ್ಮ ಬಾಯಿಗೆ. ಆದರೆ ಗೋಲು! ನಾನು ಅವ್ವನ ಮೇಲೆ ರೇಗಿದೆ. "ನಿಂಗೆ ಮರುಳಾ ಅವ್ವ? ಅದೆಂತ ಸೌತೆಕಾಯಿಯಾ, ತಂದು ಎದುರಿಗೆ ಇಡ್ಲಿಕ್ಕೆ?"

"ನಂಗೆ ಗೊತ್ತಿಲ್ಲ ಮಾರಾಯ್ತಿ. ಬಾಯಿಂದ ಬಂತು," ಎಂದಳು ಅವ್ವ. ಹೇಳಿದ ಹರಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ನಮ್ಮಲ್ಲಿಲ್ಲ.

ಕಾಲು ಕೂಡಿತು. ಪ್ಲಾಸ್ಟರ್ ತೆಗೆದ ಮೇಲೆ ಎಣ್ಣೆ, ಉಜ್ಜು, ಕೋಲು ಹಿಡಿದು ನಡೆಯುವುದು, ಆಮೇಲೆ ಕೋಲು ಬಿಡುವುದು. ವರ್ಷ ದಾಟುವಾಗ ಅವನು ಗೊಬ್ಬರದ ಬುಟ್ಟಿ ಹೊತ್ತು ಗುಡ್ಡ ಹತ್ತುತ್ತಿದ್ದ. ನಾವೆಲ್ಲ ಬದುಕಿತು ಬಡಜೀವ ಎಂದುಕೊಂಡೆವು. ಅವನು ತಂಡಕ್ಕೆ ಮರಳಿದ. ಆಗ ಗೊತ್ತಾಯಿತು, ಕೂಡಿದ್ದು ಎಲುಬು ಮಾತ್ರ.

ಒಬ್ಬನೇ ಇದ್ದಾಗ ಚೆನ್ನಾಗಿಯೇ ಹೊಡೆಯುತ್ತಿದ್ದ. ಎದುರಿನಿಂದ ಯಾರಾದರೂ ಚೆಂಡಿಗೆ ಬಂದರೆ ಸಾಕು, ಹಾವು ಕಂಡವನ ಹಾಗೆ ಬಲಗಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಚೆಂಡು ಬಿಟ್ಟುಕೊಡುತ್ತಿದ್ದ. ಒಂದು ಇಡೀ ಹಂಗಾಮು ಹೀಗೆಯೇ ಕಳೆಯಿತು, ಒಂದು ಗೋಲು ಇಲ್ಲ. ಮನೆಗೆ ಬಂದು ಕಾಲು ನೀಡಿ ಕೂತು ಅದನ್ನೇ ನೋಡುತ್ತಿದ್ದ. ನನ್ನ ಬಾಯಲ್ಲಿ ಬರೀ ಬೈಗಳು. "ಅಲ್ಲಿ ಎಂತ ಬರೆದುಂಟು, ಅಷ್ಟು ಓದ್ಲಿಕ್ಕೆ?" ಎಂದರೆ ಅವನು ನಗುತ್ತಲೂ ಇರಲಿಲ್ಲ.

ಇದರ ಮೇಲೆ ಹರಕೆಯ ಕಾಟ. ದನ ಹಾಲು ಕಡಿಮೆ ಮಾಡಿದರೆ, "ಹರಕೆ ಬಾಕಿ ಉಂಟಲ್ಲ." ಬಾವಿಯ ಹಗ್ಗ ತುಂಡಾದರೆ, "ಹರಕೆ ಬಾಕಿ ಉಂಟಲ್ಲ." ದೊಡ್ಡಪ್ಪನ ಸೊಂಟ ಹಿಡಿದಾಗ ಅವರೂ ಅದನ್ನೇ ಹೇಳಿದರು. ಎಲ್ಲರ ಕಣ್ಣೂ ಆ ಹುಡುಗನ ಕಾಲಿನ ಮೇಲೆ. ಪಾಪ, ಅವನು ಊಟಕ್ಕೆ ಕೂರುವಾಗ ಪಂಚೆ ಎಳೆದು ಕಾಲು ಮುಚ್ಚಿಕೊಳ್ಳಲು ಕಲಿತ.

ಅರುವತ್ತೊಂದರ ಶುರುವಿನಲ್ಲಿ ಹೈದರ್ ಮನೆಗೆ ಬಂದ. ಸುಳ್ಯದ ಬಸ್ಸು ನಿಲ್ಲುವಲ್ಲಿ ಚಾದಂಗಡಿ ಇಟ್ಟವನು, ತಂಡದ ಕ್ಯಾಪ್ಟನ್, ಡೊಂಬಯ್ಯನ ಜೀವದ ಗೆಳೆಯ. ಚಾ ಕುಡಿದ, ಮಳೆ ಬೆಳೆ ಮಾತಾಡಿದ, ಕೊನೆಗೆ ಲೋಟ ತಿರುಗಿಸುತ್ತಾ ಹೇಳಿದ:

"ಡೊಂಬಯ್ಯ, ಈ ಸಲದ ಪುತ್ತೂರಿನ ಪಂದ್ಯಕ್ಕೆ ನಿನ್ನ ಜಾಗಕ್ಕೆ ಬೇರೆಯವರನ್ನು ಹಾಕ್ಬೇಕಾಗ್ತದೆ. ನಾನೊಬ್ಬ ಎಷ್ಟು ಅಂತ ತಡೀಲಿ?"

"ಹಾಕು," ಎಂದ ಡೊಂಬಯ್ಯ. "ನಾನಿನ್ನು ಚೆಂಡು ಮುಟ್ಟುದಿಲ್ಲ." ಎದ್ದು ಕೊಟ್ಟಿಗೆಗೆ ಹೋದ. ಅವನು ಹಾಗೆ ಹೇಳಿದರೆ ಹಾಗೆಯೇ. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಫುಟ್ಬಾಲ್ ಹಾಳಾಗಲಿ, ಆ ಹೆದರಿಕೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಅವನು ಮುದುಕನಾಗುತ್ತಾನಲ್ಲ ಎಂದು ಅನಿಸಿತು.

ಆಗ ಅವ್ವ ಒಳಗಿನಿಂದ ಬಂದಳು. "ಬಿಡುವುದಾದ್ರೆ ಬಿಡ್ಲಿ. ಆದ್ರೆ ಹರಕೆ ತೀರಿಸಿ ಬಿಡ್ಬೇಕು."

ಗೋಲನ್ನು ಒಪ್ಪಿಸುವುದು ಹೇಗೆ? ದೈವಕ್ಕೆ ದೀಪ ಇಡುವ ಹಿರಿಯರೆಂದರೆ ದೊಡ್ಡಪ್ಪ, ತೀರ್ಪು ಅವರದ್ದೇ. ಅವರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಹಾಕಿ, ಅಗಿದು, ತುಪ್ಪಿ ಬಂದು ಹೇಳಿದರು: "ದೈವಕ್ಕೆ ಬಿಟ್ಟದ್ದನ್ನು ಮನೆಯ ಲೆಕ್ಕಕ್ಕೆ ಸೇರಿಸ್ಲಿಕ್ಕೆ ಉಂಟಾ? ಇಲ್ಲ. ಅವ ಹೊಡೆದ ಮೊದಲ ಗೋಲು ಅವನ ತಂಡಕ್ಕೆ ಸಲ್ಲಬಾರ್ದು. ಅಷ್ಟೇ."

"ಹಾಗಾದ್ರೆ ಸುಲಭ ಆಯ್ತಲ್ಲ ಗೌಡ್ರೇ," ಎಂದ ಹೈದರ್. "ಖಾಲಿ ಗೋಲಿಗೆ ಒಂದು ಹೊಡೆದು ಮುಗಿಸುವ."

"ಕೊಳೆತ ಸೌತೆಕಾಯಿ ದೈವಕ್ಕೆ ಇಡ್ತಾರಾ?" ಎಂದರು ದೊಡ್ಡಪ್ಪ.

ಹೈದರ್ ತಲೆ ತುರಿಸಿಕೊಂಡ. "ಅದೂ ಸರಿಯೇ. ನಮ್ಮಲ್ಲಿ ದರ್ಗಕ್ಕೆ ನೇರ್ಚೆ ಹೇಳಿದ್ರೂ ಒಳ್ಳೆಯದನ್ನೇ ಕೊಡ್ಬೇಕು." ಅವನೇ ದಾರಿ ಹುಡುಕಿದ. ರಾಮಕುಂಜದವರನ್ನು ಕರೆಯುವುದು, ನಮ್ಮ ಮನೆಯೆದುರಿನ ಕೊಯ್ಲು ಮುಗಿದ ದೊಡ್ಡ ಗದ್ದೆ ಬಾಕಿಮಾರಿನಲ್ಲಿ ಒಂದು ಸ್ನೇಹದ ಪಂದ್ಯ ಆಡುವುದು. ಕಪ್ಪಿಲ್ಲ, ಗಿಪ್ಪಿಲ್ಲ. ಡೊಂಬಯ್ಯನ ಮೊದಲ ಗೋಲು ಲೆಕ್ಕಕ್ಕಿಲ್ಲ ಎಂದು ಎರಡೂ ಕಡೆಯವರು ಮೊದಲೇ ಒಪ್ಪುವುದು. ಕೊಟ್ಟಿಗೆಯಿಂದ ಬಂದ ಡೊಂಬಯ್ಯ ಅವ್ವನ ಮುಖ ನೋಡಿ ಹೂಂ ಎಂದ.

ರಾಮಕುಂಜದವರು ಬಾಡಿಗೆ ಜೀಪಿನಲ್ಲಿ ಒಬ್ಬರ ಮೇಲೊಬ್ಬರು ಕೂತು ಬಂದರು. ಕೊನೆಗೆ ಇಳಿದವನು ಮಹಾಲಿಂಗ. ಈ ಸಲ ಬೆಲ್ಲ ನೀರು ಕುಡಿದ. ಲೋಟ ನನ್ನ ಕೈಗೆ ಕೊಡುವಾಗ, "ಅಕ್ಕ, ಆವತ್ತಿನ ಶಬ್ದ ನನ್ನ ಕಿವಿಯಿಂದ ಹೋಗಲೇ ಇಲ್ಲ. ಯಾರಿಗೂ ಗಟ್ಟಿಯಾಗಿ ಅಡ್ಡ ಹೋಗ್ಲಿಕ್ಕೆ ಆಗುದಿಲ್ಲ ನನಗೆ. ನಮ್ಮವರು ಸುಮ್ಮನೆ ಇಟ್ಟುಕೊಂಡಿದ್ದಾರೆ," ಎಂದ. ಎರಡು ವರ್ಷ ನಮ್ಮ ಮನೆಯ ಕಾಲೊಂದನ್ನೇ ನೋಡುತ್ತಾ ಕೂತಿದ್ದ ನನಗೆ, ಇನ್ನೊಂದು ಮನೆಯಲ್ಲೂ ಇದೇ ನೋವು ಇದೆ ಎಂದು ಹೊಳೆದಿರಲಿಲ್ಲ.

ಎರಡು ಕಡೆಯೂ ಅಡಿಕೆ ಮರದ ಕಂಬ ನೆಟ್ಟು, ಮೇಲೆ ತೆಂಗಿನ ಹಗ್ಗ ಕಟ್ಟಿ ಗೋಲು ಮಾಡಿದ್ದರು. ಬಲೆ ಇಲ್ಲ. ಸೀಟಿ ಊದಲು ತೀರ್ಥರಾಮ ಮಾಸ್ಟ್ರು. ಗದ್ದೆಯ ಅಂಚಿನ ಮಣ್ಣಿನ ಹುಣಿಯ ಮೇಲೆ ಊರಿಗೆ ಊರೇ ಕೂತಿತ್ತು. ಅವ್ವ ನನ್ನ ಒಂದು ಪಕ್ಕ, ಗಂಡ ಇನ್ನೊಂದು ಪಕ್ಕ, ದೊಡ್ಡಪ್ಪ ಆಚೆ, ಸೊಂಟಕ್ಕೆ ಒಂದು ದಿಂಬು ಒತ್ತಿಕೊಂಡು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಚೆಂಡು ಡೊಂಬಯ್ಯನ ಕಾಲಿಗೆ ಬಂತು. ಮಹಾಲಿಂಗ ಎದುರಿಗೆ ಬಂದ, ಬಂದವನು ಬದಿಗೆ ಸರಿದ. ಗೋಲು ಕಾಯುವ ಗೋಲಿಯೂ ಎಡಕ್ಕೆ ಎರಡು ಹೆಜ್ಜೆ ಜಾರಿ ಹೆಬ್ಬಾಗಿಲು ತೆರೆದಿಟ್ಟ. ಹೇಗೂ ಲೆಕ್ಕಕ್ಕಿಲ್ಲದ ಗೋಲು, ಪಾಪ, ಹೊಡೆದುಕೊಳ್ಳಲಿ ಎಂದು. ಹುಣಿಯ ಮೇಲಿದ್ದವರೂ "ಹೊಡಿ, ಹೊಡಿ!" ಎಂದರು.

ಡೊಂಬಯ್ಯ ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟ. ಕಿವಿಯವರೆಗೆ ಕೆಂಪಾಗಿದ್ದ. "ಎಂತ ಭಟ್ರೇ ಇದು? ಭಿಕ್ಷೆ ಕೊಡುದಾ? ನೀವು ಬಿಟ್ಟುಕೊಟ್ಟದ್ದನ್ನು ನಾನು ದೈವಕ್ಕೆ ಇಡುದಾ?" ಎಂದು ಕಿರುಚಿದ. ಚೆಂಡನ್ನು ಹುಣಿಯಾಚೆಗೆ ಒದ್ದ.

"ನಂಗೆ ಆಗುದಿಲ್ಲ ಡೊಂಬಯ್ಯ," ಎಂದ ಮಹಾಲಿಂಗ.

"ನಂಗೂ ಆಗುದಿಲ್ಲ! ಹೆದರಿ ಸಾಯ್ತಾ ಇದ್ದೇನೆ. ಆದ್ರೂ ಬನ್ನಿ. ಆವತ್ತು ಬಂದ ಹಾಗೆಯೇ ಬನ್ನಿ."

ಎರಡು ವರ್ಷ ಅವನು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳದ ಮಾತು ಅದು. ಊರೆಲ್ಲ ಕೇಳುವ ಹಾಗೆ, ತನ್ನ ಕಾಲು ಮುರಿದವನ ಹತ್ತಿರವೇ ಹೇಳಿದ. ನನಗೆ ಅಳು ಬಂತು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಆಮೇಲೆ ನಡೆದದ್ದು ಆಟ. ರಾಮಕುಂಜದವರು ಒಂದು ಗೋಲು ಹೊಡೆದರು. ಹೈದರ್ ನಮ್ಮವರಿಗೆಲ್ಲ ಬಾಯಿಗೆ ಬಂದ ಹಾಗೆ ಬೈದ. ಹೊತ್ತು ಇಳಿಯುತ್ತಾ ಬಂದಾಗ ಅದೇ ಹೈದರ್ ನಡುವಿನಿಂದ ಚೆಂಡೊಂದನ್ನು ಉದ್ದಕ್ಕೆ ಕೊಟ್ಟ. ಡೊಂಬಯ್ಯ ಈ ಕಡೆಯಿಂದ, ಮಹಾಲಿಂಗ ಆ ಕಡೆಯಿಂದ. ಇಬ್ಬರೂ ತಲೆ ತಗ್ಗಿಸಿ ಓಡಿದರು. ಮಹಾಲಿಂಗ ನಿಲ್ಲಲಿಲ್ಲ, ಸರಿಯಲಿಲ್ಲ. ಡೊಂಬಯ್ಯ ಬಲಗಾಲು ಎಳೆದುಕೊಳ್ಳಲಿಲ್ಲ. ಢಪ್ ಎಂದು ಒಂದು ಶಬ್ದ. ಕೂಳೆಯ ಧೂಳೆದ್ದಿತು, ಇಬ್ಬರೂ ಉರುಳಿದರು.

ಅಯ್ಯೋ ದೇವರೇ. ನಾವೆಲ್ಲ ನೋಡುತ್ತಿದ್ದದ್ದು ಒಂದೇ ಒಂದನ್ನು, ಆ ಕಾಲನ್ನು. ಮಹಾಲಿಂಗ ಮಂಡಿಯೂರಿ ಎದ್ದು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು, "ಹೋಯ್ತಾ? ಹೋಯ್ತಾ ಮಾರಾಯ?" ಎಂದು ಅಳುತ್ತಿದ್ದ. ಡೊಂಬಯ್ಯ ಆ ಕಾಲನ್ನು ಮಡಚಿದ, ನೀಡಿದ, ಇನ್ನೊಮ್ಮೆ ಮಡಚಿದ. ಎದ್ದು ನಿಂತು ನೆಲಕ್ಕೆ ಗಟ್ಟಿಯಾಗಿ ಒದ್ದ. ಆಮೇಲೆ ನಗತೊಡಗಿದ. ಎಷ್ಟು ಕಾಲವಾಗಿತ್ತು ಆ ನಗು ಕೇಳದೆ! ಮಹಾಲಿಂಗನನ್ನು ಎಬ್ಬಿಸಿ ತಬ್ಬಿಕೊಂಡ. ಇಬ್ಬರೂ ನಗುತ್ತಿದ್ದರೋ ಅಳುತ್ತಿದ್ದರೋ, ಗೊತ್ತಾಗುವ ಹಾಗಿರಲಿಲ್ಲ.

"ಚೆಂಡೆಲ್ಲಿ?" ಎಂದು ಕೇಳಿದರು ತೀರ್ಥರಾಮ ಮಾಸ್ಟ್ರು.

ಯಾರಿಗೂ ಗೊತ್ತಿಲ್ಲ! ಸೀಟಿ ಬಾಯಲ್ಲಿ ಇಟ್ಟುಕೊಂಡ ಮಾಸ್ಟ್ರೂ ಕಾಲು ನೋಡುತ್ತಿದ್ದರು. ಹುಡುಕಿದರೆ ಅದು ಕಂಬಗಳ ನಡುವೆ ದಾಟಿ, ಆಚೆ ಗದ್ದೆಯ ಹುಲ್ಲಿನ ರಾಶಿಗೆ ಬಡಿದು ಕೂತಿತ್ತು. ರಾಮಕುಂಜದ ಗೋಲಿ ನಾಚಿಕೆಯಿಂದ, "ನನ್ನ ಕಿವಿಯ ಹತ್ತಿರ ಗಾಳಿ ಹೋದ ಹಾಗಾಯ್ತು. ನಾನು ಕಣ್ಣು ಮುಚ್ಚಿದ್ದೆ," ಎಂದ. ಎರಡು ವರ್ಷ ಕಾದ ಗೋಲನ್ನು ಒಬ್ಬ ನರಪಿಳ್ಳೆಯೂ ನೋಡಲಿಲ್ಲ.

ಮಾಸ್ಟ್ರು ಗಾಬರಿಯಿಂದ ದೊಡ್ಡಪ್ಪನ ಕಡೆ ತಿರುಗಿದರು. ದೊಡ್ಡಪ್ಪ ದಿಂಬು ಸರಿಮಾಡಿಕೊಂಡು, "ನೋಡ್ಬೇಕಾದವರು ನೋಡಿ ಆಯ್ತು," ಎಂದರು. "ಸಂದಿತು."

ಆಗ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಣಿಯಿಂದ ಇಳಿದು ಗದ್ದೆಯ ನಡುವಿಗೆ ಹೋದಳು. ಆಟ ನಿಂತಿತು. ಡೊಂಬಯ್ಯನ ಎದುರು ನಿಂತು, ಅವನ ಮೈಯ ಧೂಳು ಕೊಡವಿ, "ದೈವದ್ದು ದೈವಕ್ಕೆ ಕೊಟ್ಟಾಯ್ತು," ಎಂದಳು. "ಇನ್ನು ಹೊಡೆದದ್ದೆಲ್ಲ ನಿನ್ನದು. ಹೋಗು, ಆಡು."

ಮಾಸ್ಟ್ರು ಸೀಟಿ ಊದಿದರು. ಹೈದರ್ ಚೆಂಡನ್ನು ಮತ್ತೆ ಮುಂದಕ್ಕೆ ತಳ್ಳಿದ, ಡೊಂಬಯ್ಯ ಓಡಿದ, ಹಿಂದಿನಿಂದ ಮಹಾಲಿಂಗ ಬೊಬ್ಬೆ ಹೊಡೆಯುತ್ತಾ ಅಟ್ಟಿಸಿಕೊಂಡು ಹೋದ. ನಾನು ಹುಣಿಯ ಮೇಲೆ ಎದ್ದು ನಿಂತು, ನನ್ನ ಗಂಡ ಪಕ್ಕದಲ್ಲೇ ಇದ್ದಾನೆ ಎನ್ನುವುದನ್ನೂ ಮರೆತು ಕಿರುಚಿದೆ. ಎರಡು ವರ್ಷಗಳಲ್ಲಿ ಮೊದಲ ಸಲ ನಾನು ನನ್ನ ತಮ್ಮನ ಕಾಲನ್ನು ನೋಡುತ್ತಿರಲಿಲ್ಲ. ಚೆಂಡು ನೋಡುತ್ತಿದ್ದೆ.