ಮೊಮ್ಮಗಳ ಪಾತಿಯಲ್ಲಿ ರಾಗಿ

ನಾನು ಓದಿದ್ದು ಮೂರನೇ ಕ್ಲಾಸು. ಬರೆದು ಅಭ್ಯಾಸವಿಲ್ಲ, ಆದರೆ ಈ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ.

ಸಂಕ್ರಾಂತಿ ಕಳೆದು ಚಳಿ ಇಳಿಯಿತೆಂದರೆ ಪುಟ್ಟೇನಹಳ್ಳಿಯ ನಮ್ಮ ಮನೆಯಂಗಳದಲ್ಲಿ ನನ್ನ ಕೈ ಸುಮ್ಮನಿರುವುದಿಲ್ಲ. ಒಣಗಿದ ಸೇವಂತಿಗೆ ಕಡ್ಡಿ ಕತ್ತರಿಸಬೇಕು, ಗುಲಾಬಿ ಸವರಬೇಕು, ಮಣ್ಣು ಅಗೆದು ಬಿಸಿಲಿಗೆ ಬಿಡಬೇಕು. ಈ ಸಲ ಒಂದನೇ ಕ್ಲಾಸಿನ ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಜ್ಜಿ, ನಂಗೂ ಒಂದ್ ಪಾತಿ ಬೇಕು. ಸ್ಕೂಲ್ ರಜಾ ಕೊಡೋದ್ರೊಳಗೆ ನಮ್ ಮಿಸ್‌ಗೆ ನಾನೇ ಬೆಳೆದ ಹೂವು ಕೊಡ್ಬೇಕು. ಕ್ಲಾಸಲ್ಲಿ ಎಲ್ಲರ್ಗೂ ಹೇಳ್ಬಿಟ್ಟಿದೀನಿ!"

ಗೇಟಿನ ಪಕ್ಕದ ಒಳ್ಳೆಯ ಬಿಸಿಲಿನ ಜಾಗವನ್ನೇ ಬಿಟ್ಟುಕೊಟ್ಟೆ. ಅಲ್ಲಿ ನಾನು ಕೊತ್ತಂಬರಿ ಹಾಕುತ್ತಿದ್ದೆ. ಹೋಗಲಿ, ಕೊತ್ತಂಬರಿ ಅಂಗಡಿಯಲ್ಲೂ ಸಿಗುತ್ತದೆ. ಆಯುಧಪೂಜೆಗೆ ಕಾರಿಗೆ ಹಾಕಿದ್ದ ಚೆಂಡುಹೂವಿನ ಹಾರ ಒಣಗಿಸಿಟ್ಟಿದ್ದೆ. ಇಬ್ಬರೂ ಕೂತು ಅದರ ಬೀಜ ಬಿಡಿಸಿದೆವು.

ಗೊಬ್ಬರದ ವಿಷಯದಲ್ಲಿ ಮಾತ್ರ ನನ್ನದೇ ಹಠ. ಸೊಸೆ ನರ್ಸರಿಯಿಂದ ಪ್ಯಾಕೆಟ್ ತರುತ್ತೇನೆಂದರೂ ಕೇಳದೆ, ಇನ್ನೂ ಎರಡು ಹಸು ಕಟ್ಟಿರುವ ನನ್ನ ತಮ್ಮನ ತಿಪ್ಪೆಯಿಂದ ಒಂದು ಚೀಲ ತರಿಸಿದೆ. "ಅಕ್ಕಾ, ಇದಿನ್ನೂ ಸರ್ಯಾಗಿ ಕೊಳ್ತಿಲ್ಲ, ವಸಿ ದಿನ ಬುಡು" ಎಂದ ಅವನು. ಮಗು ಅವಸರ ಮಾಡುತ್ತಿತ್ತು, ಹಾಕಿಯೇಬಿಟ್ಟೆ.

ಬೀಜ ಬಿತ್ತಿದ ಎಂಟನೇ ದಿನ ಪಾತಿ ತುಂಬ ಹಸಿರು. ಮೊಮ್ಮಗಳು ಬೀದಿಯವರನ್ನೆಲ್ಲ ಕರೆದು ತೋರಿಸಿದಳು. ನಾನು ಬಗ್ಗಿ ನೋಡಿದೆ. ರಾಗಿ! ಹಸುವಿನ ಹುಲ್ಲಿನಲ್ಲಿ ಉಳಿದಿದ್ದ ಕಾಳು ಗೊಬ್ಬರದ ಜೊತೆ ಬಂದು ಮೊಳೆತಿತ್ತು.

"ಹೊಲ ಮಾರಿದ್ರೂ ರಾಗಿ ನಿಮ್ಮನ್ನ ಬಿಡಲ್ಲ ನೋಡಿ ಅತ್ತೆ," ಸೊಸೆ ನಕ್ಕಳು. "ಎಲ್ಲಾ ಕಿತ್ತಾಕ್ಬಿಡಿ. ಹೂ ಬಿಟ್ಟಿರೋ ಗಿಡಾನೇ ತರ್ತೀನಿ."

"ಅದು ನಾನ್ ಬೆಳೆದಿದ್ದಾಗಲ್ಲ!" ಮೊಮ್ಮಗಳ ಕಣ್ಣು ತುಂಬಿತು.

ತಪ್ಪು ನನ್ನದು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ನೋಡವ್ವ, ಹುಲ್ಲಿನಂಗೆ ಉದ್ದಕ್ಕೈತಲ್ಲ, ಅದು ರಾಗಿ. ಎಲೆ ಬಾಚಣಿಗೆ ಹಲ್ಲಿನಂಗೈತಲ್ಲ, ಅದು ನಿನ್ ಹೂವಿಂದು. ಬುಡ ಇಡ್ಕೊಂಡು ಮೆತ್ತಗೆ ಎಳಿ."

ಮೂರು ಬೆಳಿಗ್ಗೆ ಕೂತು ಕಿತ್ತೆವು. ಅವಳು ಎರಡು ಹೂವಿನ ಸಸಿ ಕಿತ್ತು ನನ್ನ ಮುಖ ನೋಡಿದಳು. ನಾನು ಬೈಯಲಿಲ್ಲ; ಕನ್ನಡಕವಿಲ್ಲದೆ ನಾನೇ ನಾಲ್ಕು ಕಿತ್ತಿದ್ದೆ. ಉಳಿದದ್ದು ಒಂಬತ್ತು ಗಿಡ. ರಾಗಿ ಪೈರನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ, ತಮ್ಮನ ಹಸುಗಳಿಗೇ ಕಳಿಸಿದೆ.

ರಜೆಗೆ ಮೂರು ದಿನ ಇದ್ದಾಗಲೂ ಬರೀ ಮೊಗ್ಗು. ಅವಳು ಬ್ಯಾಗ್ ಹೊತ್ತುಕೊಂಡೇ ಬಂದು ನೋಡುತ್ತಿದ್ದಳು. ನಾನು ಅವಳಿಗಿಂತ ಮೊದಲೇ ಎದ್ದು ನೋಡಿರುತ್ತಿದ್ದೆ. ಕೊನೆಯ ದಿನ ಒಂದೇ ಒಂದು ಅರಳಿತ್ತು, ಅದೂ ಅರ್ಧ. ತಾನೇ ಕಿತ್ತು, ಎರಡೂ ಕೈಯಲ್ಲಿ ಹಿಡಿದು ವ್ಯಾನ್ ಹತ್ತಿದಳು.

"ಅಜ್ಜಿ, ಇನ್ನರ್ಧ ಯಾವಾಗ ಅರಳತ್ತೆ?"

"ನಿಮ್ ಮಿಸ್ ಕೈಯಾಗೆ ಅರಳ್ತದೆ, ಓಗವ್ವ."

ಮಿಸ್ ಅದನ್ನು ಆಗಲೇ ಜಡೆಗೆ ಸಿಕ್ಕಿಸಿಕೊಂಡರಂತೆ. ಮಧ್ಯಾಹ್ನ ಊಟ ಮಾಡುತ್ತ ಅವಳು ಅದನ್ನು ಐದು ಸಲ ಹೇಳಿದಳು. ಪ್ರತಿ ಸಲವೂ ನಾನು ಹೊಸದಾಗಿ ಕೇಳುವವಳಂತೆ, "ಆಮೇಲೆ?" ಎನ್ನುತ್ತಿದ್ದೆ.